ಬಿರುಕಿನ ಸಮೀಕರಣ

ನಾನು ಹುಟ್ಟಾ ಪುಕ್ಕಲಿ. ಲಿಫ್ಟ್ ಹತ್ತುವುದಿಲ್ಲ. ಗ್ಯಾಸ್ ಸಿಲಿಂಡರ್ ಬದಲಾಯಿಸುವಾಗ ಅಡುಗೆಮನೆಯಲ್ಲಿ ನಿಲ್ಲುವುದಿಲ್ಲ. ರಸ್ತೆ ದಾಟುವಾಗ ಪಕ್ಕದಲ್ಲಿರುವವರು ಅಪರಿಚಿತರಾದರೂ ಅವರ ಸೆರಗೋ ಚೀಲವೋ ನನ್ನ ಕೈಯಲ್ಲಿರುತ್ತದೆ. ಹೀಗೆ ಹೆದರಿ ಹೆದರಿ ಬದುಕುವವಳಿಗೆ ಗಣಿತ ದೊಡ್ಡ ಆಸರೆ. ಲೆಕ್ಕ ಬಿಡಿಸಿದ ಮೇಲೆ ಉತ್ತರ ಅಲ್ಲೇ ಇರುತ್ತದೆ, ಬೆಳಗಾಗುವಷ್ಟರಲ್ಲಿ ಮನಸ್ಸು ಬದಲಾಯಿಸುವುದಿಲ್ಲ. ಚಾಮರಾಜಪೇಟೆಯ ನಮ್ಮ ಮನೆಯ ವರಾಂಡದಲ್ಲಿ ಪಿಯುಸಿ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳಿಕೊಂಡೇ ನನ್ನ ಅರ್ಧ ಆಯಸ್ಸು ಕಳೆದಿದೆ. ಆ ಗಣಿತವೇ ನನ್ನನ್ನು ಅಷ್ಟು ಹೆದರಿಸಿದ್ದು ಒಂದೇ ಒಂದು ಸಲ, ಒಂದು ದಸರೆಯಲ್ಲಿ.

ಮನೆ ಮಾವನವರ ಕಾಲದ್ದು. ಮಣ್ಣು ಮೆತ್ತಿ ಕಟ್ಟಿದ ಇಟ್ಟಿಗೆ ಗೋಡೆ, ಮರದ ತೊಲೆಗಳ ಮೇಲೆ ಇಟ್ಟಿಗೆ, ಗಾರೆ ಹಾಸಿದ ಮದ್ರಾಸ್ ತಾರಸಿ. ಬಲಗಡೆಯ ಮನೆಯನ್ನು ಮಾರಿದ್ದರು. ಕೊಂಡವರು ಅದನ್ನು ಕೆಡವಿ, ಅಪಾರ್ಟ್‌ಮೆಂಟಿನ ಕಾರುಗಳಿಗೆ ಜಾಗ ಬೇಕೆಂದು ಜೆಸಿಬಿ ತರಿಸಿ ನಮ್ಮ ಗೋಡೆಯ ಬುಡದವರೆಗೂ ಗುಂಡಿ ತೋಡಿಸಿದರು. ಆ ವರ್ಷ ಮಳೆಯೂ ಹಿಡಿದದ್ದು ಬಿಡಲಿಲ್ಲ. ಅಡುಗೆಮನೆಯ ಕಿಟಕಿಯಿಂದ ಬಗ್ಗಿದರೆ ಕೆಳಗೆ ಕೆಂಪು ನೀರು, ಅದರ ಅಂಚಿನಿಂದ ಆಗಾಗ ಮಣ್ಣಿನ ಹೆಂಟೆ ಕಳಚಿ ಬೀಳುವ ಗುಳುಂ ಸದ್ದು. ಹೋಗಿ ಜಗಳವಾಡಿದರೆ ಅಲ್ಲಿನ ಮೇಸ್ತ್ರಿ, "ಹುಡುಗ್ರೆಲ್ಲ ಹಬ್ಬಕ್ಕೆ ಊರಿಗೆ ಹೋಗಿದಾರೆ ಮೇಡಂ. ಹಬ್ಬ ಕಳೀಲಿ, ಫಸ್ಟು ನಿಮ್ ಸೈಡೇ ಕಲ್ಲು ಕಟ್ಸಿ ಕೊಡ್ತೀನಿ" ಎಂದ.

ಹಬ್ಬವೆಂದರೆ ನವರಾತ್ರಿ. ನನ್ನ ಅತ್ತೆಗೆ ವರ್ಷವೆಲ್ಲ ಒಂದು ತೂಕ, ಆ ದಿನಗಳೇ ಒಂದು ತೂಕ. ನಡುಮನೆಯಲ್ಲಿ ಬಲಗಡೆಯ ಗೋಡೆಗೆ ಒರಗಿಸಿ ಮೆಟ್ಟಿಲು ಕಟ್ಟಿ ಗೊಂಬೆ ಕೂರಿಸುತ್ತಿದ್ದರು. ಮೆಟ್ಟಿಲ ಪಕ್ಕದಲ್ಲಿ ನಂದಾದೀಪ. ಮೊದಲನೆಯ ದಿನ ಹಚ್ಚಿದರೆ ವಿಜಯದಶಮಿಯವರೆಗೆ ಅದು ಉರಿಯುತ್ತಲೇ ಇರಬೇಕು. ಇಟ್ಟ ಜಾಗದಿಂದ ಕದಲಿಸುವಂತಿಲ್ಲ, ಮನೆಗೆ ಬೀಗ ಹಾಕುವಂತಿಲ್ಲ, ಯಾರಾದರೊಬ್ಬರು ಮನೆಯಲ್ಲಿ ಇರಲೇಬೇಕು. ನನ್ನ ಗಂಡ ನಾಲ್ಕು ವರ್ಷದ ಮಗುವಾಗಿದ್ದಾಗ ಮೆದುಳು ಜ್ವರ ಬಂದು ಡಾಕ್ಟರು ಕೈಚೆಲ್ಲಿದ್ದರಂತೆ. ಆಗ ಅತ್ತೆ ಹರಕೆ ಹೊತ್ತು ಈ ದೀಪ ಹಚ್ಚಿದರು, ದಶಮಿಯ ಬೆಳಿಗ್ಗೆ ಮಗು ಕಣ್ಣುಬಿಟ್ಟು ನೀರು ಕೇಳಿತು. ಅಂದಿನಿಂದ ಅವರ ಲೆಕ್ಕದಲ್ಲಿ ಆ ದೀಪ ಬೇರೆಯಲ್ಲ, ಮಗನ ಉಸಿರು ಬೇರೆಯಲ್ಲ. ನಾನು ಇದನ್ನೆಲ್ಲ ನಂಬುವುದಿಲ್ಲ ಎಂದು ಟ್ಯೂಷನ್ ಮಕ್ಕಳ ಎದುರು ಜಂಬದಿಂದ ಹೇಳುತ್ತಿದ್ದೆ. ಆದರೆ ದೀಪದಲ್ಲಿ ಎಣ್ಣೆ ಇಳಿದದ್ದು ಕಂಡರೆ ಮೊದಲು ಎದ್ದು ಓಡುತ್ತಿದ್ದವಳೂ ನಾನೇ.

ಆ ಸಲ ಹಬ್ಬಕ್ಕೆ ಮುಂಚೆ ಎರಡು ವಾರ ನಾನು ಮಾವಳ್ಳಿಯ ತವರಿನಲ್ಲಿದ್ದೆ. ಅಮ್ಮನಿಗೆ ಕಣ್ಣಿನ ಆಪರೇಷನ್ ಆಗಿತ್ತು. ಹಬ್ಬಕ್ಕೆ ಮೂರು ದಿನವಿದೆ ಎನ್ನುವಾಗ ವಾಪಸು ಬಂದರೆ, ಮನೆಗೆ ಹೊಸ ಬಣ್ಣ. ಪೇಂಟರ್ ಆಗತಾನೆ ಡಬ್ಬ, ಏಣಿ ಎತ್ತಿಕೊಂಡು ಹೊರಟಿದ್ದ. ನಡುಮನೆಗೆ ತಿಳಿಹಳದಿ ಬಳಿದಿದ್ದರು, ಗೋಡೆ ಮೈಸೂರು ಪಾಕಿನ ಹಾಗೆ ಒಂದೇ ಸಮ ಕಾಣುತ್ತಿತ್ತು. "ಚೆನ್ನಾಗಿದೆಯಲ್ಲ ಅತ್ತೆ" ಎಂದೆ. ಅತ್ತೆ, "ಹೂಂ, ದೇವಿ ಕೂರೋ ಗೋಡೆ ನೋಡು" ಎಂದು ಅಲ್ಲಿಗೇ ಮಾತು ಮುಗಿಸಿದರು.

ಹಬ್ಬದ ಮೊದಲನೆಯ ದಿನ ಗೊಂಬೆ ಜೋಡಿಸಲು ಸ್ಟೂಲ್ ಹತ್ತಿದಾಗ ನಾನು ಅದನ್ನು ಕಂಡೆ. ಬಲಗಡೆಯ ಗೋಡೆ ಮುಂದಿನ ಗೋಡೆಯನ್ನು ಕೂಡುವ ಮೂಲೆಯಲ್ಲಿ, ತೊಲೆಯ ಕೆಳಗೆ, ಹೊಸ ಬಣ್ಣವನ್ನು ಸೀಳಿಕೊಂಡು ಒಂದು ಕಪ್ಪು ಗೆರೆ ಇಳಿದಿತ್ತು. ಗೋಡೆ ಗುಂಡಿಯ ಕಡೆಗೆ ಹೊರಟಿದೆ ಎಂದು ತಿಳಿಯಲು ಯಾವ ವಿದ್ಯೆಯೂ ಬೇಕಿರಲಿಲ್ಲ.

ಗಂಡನ ಸ್ನೇಹಿತರೊಬ್ಬರು ಸಿವಿಲ್ ಎಂಜಿನಿಯರು. ಸಂಜೆಯೇ ಬಂದರು. ಏಣಿ ಹತ್ತಿ ತೊಲೆಯ ತುದಿಯನ್ನು ಸ್ಕ್ರೂಡ್ರೈವರಿನಿಂದ ಕುಕ್ಕಿದರು. ಗೆದ್ದಲು ತಿಂದ ಮರ ಅವಲಕ್ಕಿಯಂತೆ ಉದುರಿತು. ನನ್ನ ಟ್ಯೂಷನ್ ಸ್ಕೇಲನ್ನೇ ಇಸಿದುಕೊಂಡು ಬಿರುಕನ್ನು ಅಳೆದರು, ಮೂರು ಮಿಲಿಮೀಟರ್. "ಅತ್ತಿಗೆ, ಇದು ಮುಂಚೆ ಇತ್ತಾ?" ಎಂದು ಕೇಳಿದರು.

"ಇಲ್ಲಪ್ಪ. ಮೊನ್ನೆ ಪೇಂಟ್ ಆದಾಗ ನಾನೇ ನೋಡಿದೀನಿ, ಗೋಡೆ ಚೆನ್ನಾಗಿತ್ತು" ಎಂದೆ ನಾನು.

ಅತ್ತೆ ದೀಪದ ಬಳಿ ಕೂತು ಬತ್ತಿ ಹೊಸೆಯುತ್ತಿದ್ದರು. ತಲೆ ಎತ್ತಲಿಲ್ಲ.

ಎಂಜಿನಿಯರು ಮತ್ತೆ ಮೂರನೆಯ ದಿನ ಬಂದು ಅಳೆದರು, ಐದು. "ಎರಡು ದಿನಕ್ಕೆ ಎರಡು. ದಿನಕ್ಕೊಂದು ಮಿಲಿಮೀಟರ್ ಹೋಗ್ತಿದೆ. ಗುಂಡೀಲಿ ನೀರಿರೋವರೆಗೂ ಹಿಂಗೇ ಹೋಗುತ್ತೆ. ತೊಲೆ ತುದಿ ಗೋಡೆ ಮೇಲೆ ಕೂತಿರೋದು ಇಷ್ಟೇ ಇಷ್ಟು. ಗೋಡೆ ತಾನಿದ್ದ ಜಾಗದಿಂದ ಒಟ್ಟು ಇಪ್ಪತ್ತು ಸರೀತು ಅಂದ್ರೆ ತೊಲೆ ಕೆಳಗೆ ಬಂತು ಅಂತಾನೇ ಲೆಕ್ಕ. ನನ್ ಕೇಳಿದ್ರೆ ಈಗ್ಲೇ ಖಾಲಿ ಮಾಡಿ. ಆಗಲ್ಲ ಅಂದ್ರೆ ಇಪ್ಪತ್ತು ನೆನಪಿಟ್ಕೊಳ್ಳಿ. ಆಮೇಲೆ ಒಂದ್ ನಿಮಿಷಾನೂ ಇರ್ಬೇಡಿ" ಎಂದರು.

ನಾನು ಆ ಕ್ಷಣವೇ ಗವಿಪುರಂನ ನಾದಿನಿಯ ಮನೆಗೆ ಹೊರಡಲು ತಯಾರಿದ್ದೆ. ಅತ್ತೆ ಜಪ್ಪಯ್ಯ ಎನ್ನಲಿಲ್ಲ. "ದೀಪ ಹಚ್ಚಿ ಮನೆ ಬಿಟ್ಟು ಹೋಗೋದುಂಟೇನೇ? ದಶಮಿ ಆಗ್ಲಿ, ಎಲ್ಲಿ ಬೇಕಾದ್ರೂ ಕರ್ಕೊಂಡು ಹೋಗು" ಎಂದರು. ಗಂಡನಿಗೆ ಮಾರ್ಕೆಟ್ಟಿನಲ್ಲಿ ತರಕಾರಿಯ ಸಗಟು ಅಂಗಡಿ. ಆಯುಧಪೂಜೆಗೆ ಇಡೀ ಊರಿಗೆ ಬೂದುಗುಂಬಳ ಬೇಕು, ಲಾರಿಗಟ್ಟಲೆ ಬಂದು ಇಳಿಯುವ ಕಾಲ ಅದು. ಮನೆಗೆ ಬರುತ್ತಿದ್ದುದು ಮಲಗಲು ಮಾತ್ರ. "ನೀನೇ ಲೆಕ್ಕದ ಟೀಚರಲ್ವಾ, ಎಷ್ಟು ದಿನ ಇದೆ ಅಂತ ಹಾಕಿ ಹೇಳು. ಟೈಮಿಲ್ಲ ಅಂದ್ರೆ ಅಮ್ಮನ್ನ ಎತ್ಕೊಂಡಾದ್ರೂ ಹೋಗೋಣ" ಎಂದರು.

ಹಾಕುವುದೇನು ಕಷ್ಟ? ಆ ವಾರ ಫಸ್ಟ್ ಪಿಯುಸಿಯವರಿಗೆ ಸರಳರೇಖೆಯನ್ನೇ ಹೇಳಿಕೊಡುತ್ತಿದ್ದೆ. ಇಳಿಜಾರೂ ಒಂದು ಬಿಂದುವೂ ಗೊತ್ತಿದ್ದರೆ ರೇಖೆ ಸಿಕ್ಕಿತೆಂದೇ ಲೆಕ್ಕ. ಮಕ್ಕಳಿಗೆ ನಾನು ಪ್ರತಿ ವರ್ಷ ಒಂದೇ ಮಾತು ಹೇಳುತ್ತೇನೆ. ಇಳಿಜಾರು ರೇಖೆಯ ನಡಿಗೆಯನ್ನು ಹೇಳುತ್ತದೆಯೇ ಹೊರತು ವಿಳಾಸವನ್ನು ಹೇಳುವುದಿಲ್ಲ. ಒಂದೇ ನಡಿಗೆಯ ರೇಖೆಗಳು ಪಕ್ಕಪಕ್ಕದಲ್ಲಿ ಲೆಕ್ಕವಿಲ್ಲದಷ್ಟು ಇರುತ್ತವೆ, ಅವುಗಳಲ್ಲಿ ನಿನ್ನದು ಯಾವುದು ಎಂದು ತೋರಿಸುವುದು ಬಿಂದು. ಒಬ್ಬಳು ಹುಡುಗಿ ಅಂದೇ ಕೇಳಿದ್ದಳು, "ಮಿಸ್, ಸ್ಲೋಪ್ ಕರೆಕ್ಟಾಗಿದ್ದು ಪಾಯಿಂಟ್ ತಪ್ಪಾದ್ರೆ?" "ಪಕ್ಕದ ಗೆರೆ ಮೇಲೆ ಹೋಗ್ತೀಯ. ಎಷ್ಟು ನಡೆದ್ರೂ ನಿನ್ ಗೆರೆಗೆ ಬಂದು ಸೇರಲ್ಲ" ಎಂದು ನಾನು ದೊಡ್ಡ ಗಂಟಲಲ್ಲಿ ಹೇಳಿದ್ದೆ.

ಮಕ್ಕಳು ಹೋದ ಮೇಲೆ ಬೋರ್ಡಿನ ಮೇಲೆ ನನ್ನ ಲೆಕ್ಕ ಬರೆದೆ. ದಿನವನ್ನು x ಎಂದುಕೊಂಡೆ, ಬಿರುಕಿನ ಅಗಲವನ್ನು y. ಇಳಿಜಾರು ಒಂದು. ಬಿಂದು, ಮೂರನೆಯ ದಿನಕ್ಕೆ ಐದು ಮಿಲಿಮೀಟರ್. y − 5 = 1 × (x − 3). ಅಂದರೆ y = x + 2. ಇಪ್ಪತ್ತಾಗುವುದು ಯಾವಾಗ? x ಹದಿನೆಂಟಾದಾಗ. ಹಬ್ಬದ ಹದಿನೆಂಟನೆಯ ದಿನ. ವಿಜಯದಶಮಿ ಹತ್ತಕ್ಕೇ ಮುಗಿಯುತ್ತದೆ.

ಅಷ್ಟಕ್ಕೆ ಬಿಡಲಿಲ್ಲ. ಹೆದರುವವರು ಉತ್ತರವನ್ನು ಎರಡು ಸಲ ತಾಳೆ ನೋಡುತ್ತಾರೆ. ರೇಖೆಯನ್ನು ಹಿಂದಕ್ಕೆ ನಡೆಸಿದೆ. ಬಿರುಕು ಸೊನ್ನೆ ಇದ್ದದ್ದು ಯಾವ ದಿನ? x ಮೈನಸ್ ಎರಡು. ಹಬ್ಬದ ಮೊದಲ ದಿನ ಒಂದಾದರೆ ಅದರ ಹಿಂದಿನ ದಿನ ಸೊನ್ನೆ, ಅಂದರೆ ಇದು ಹಬ್ಬ ಶುರುವಾಗುವುದಕ್ಕೆ ಮೂರು ದಿನ ಮೊದಲು. ನಾನು ತವರಿನಿಂದ ಬಂದು, ಕಣ್ಣಾರೆ ಗೋಡೆಯನ್ನು ನುಣ್ಣಗೆ ಕಂಡ ದಿನವೇ ಅದು! ಹೀಗೆ ಕೂದಲೆಳೆಯಷ್ಟೂ ಆಚೀಚೆಯಾಗದೆ ಹೊಂದಿದರೆ ಯಾರಿಗೆ ಧೈರ್ಯ ಬರುವುದಿಲ್ಲ? ಗಂಡನಿಗೆ ಫೋನ್ ಮಾಡಿ, "ದಶಮಿ ಆದ್ಮೇಲೂ ಎಂಟು ದಿನ ಇದೆ ಕಣ್ರೀ" ಎಂದೆ. ಅಂದು ರಾತ್ರಿ ಸ್ವಲ್ಪ ನಿದ್ದೆ ಬಂತು.

ಧೈರ್ಯವೆಂದರೆ ಎಷ್ಟು? ಹಗಲೆಲ್ಲ ತಲೆ ಮೇಲೆತ್ತಿಕೊಂಡೇ ಓಡಾಡುತ್ತಿದ್ದೆ. ಅತ್ತೆ ಆ ಮೂಲೆಗೆ ತಮ್ಮ ಹಳೆಯ ಜರಿ ಸೀರೆಯೊಂದನ್ನು ಗೊಂಬೆಗಳ ಹಿಂದಿನ ಪರದೆಯಂತೆ ಇಳಿಬಿಟ್ಟುಬಿಟ್ಟರು, ಹಬ್ಬದ ಮನೆಯಲ್ಲಿ ಅಂಥದ್ದು ಕಣ್ಣಿಗೆ ಬೀಳಬಾರದೆಂದು. ನಾನು ದಿನಕ್ಕೆ ಹತ್ತು ಸಲ ಸೀರೆ ಸರಿಸಿ ಸ್ಕೇಲ್ ಇಟ್ಟು ನೋಡುತ್ತಿದ್ದೆ. ಆರು. ಏಳು. ಎಂಟು. ಗೋಡೆ ನನ್ನ ರೇಖೆಯ ಮೇಲೆಯೇ ಮರ್ಯಾದೆಯಾಗಿ ನಡೆಯುತ್ತಿತ್ತು. ಏಳನೆಯ ದಿನ ಸರಸ್ವತಿ ಪೂಜೆ. ಮನೆಯ ಪುಸ್ತಕ, ಪೆನ್ನು, ಕಂಪಾಸ್ ಬಾಕ್ಸ್, ಸ್ಕೇಲು ಎಲ್ಲವನ್ನೂ ದೇವಿಯ ಮುಂದೆ ಜೋಡಿಸಿ ಅರಿಸಿನ ಕುಂಕುಮ ಹಚ್ಚಿದರು. ಇನ್ನು ದಶಮಿಯವರೆಗೆ ಅದನ್ನು ಮುಟ್ಟುವಂತಿಲ್ಲ, ಓದುವಂತಿಲ್ಲ, ಬರೆಯುವಂತಿಲ್ಲ. ಟ್ಯೂಷನ್ನಿಗೂ ರಜೆ. ಕೈಯಲ್ಲಿ ಸ್ಕೇಲಿಲ್ಲದಿದ್ದರೇನು, ಸಮೀಕರಣವಿದೆಯಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಇವತ್ತು ಒಂಬತ್ತು, ನಾಳೆ ಹತ್ತು.

ಎಂಟನೆಯ ದಿನ ದುರ್ಗಾಷ್ಟಮಿ. ಸಂಜೆ ಗೊಂಬೆ ನೋಡಲು ಬೀದಿಯ ಮೂವರು ಹೆಂಗಸರು ಬಂದರು. ಬೆಳಗಿನಿಂದ ಜಡಿಮಳೆ ಹೊಡೆದು ಆಗಷ್ಟೇ ನಿಂತಿತ್ತು. ರೇಷ್ಮೆ ಸೀರೆಯ ನೆರಿಗೆ ಎತ್ತಿಕೊಂಡು, ನೀರು ಹಾರಿಸುತ್ತ ಒಳಗೆ ಬಂದು, ಗೊಂಬೆಗಳನ್ನು ಒಂದೊಂದಾಗಿ ಹೊಗಳಿ, ಆ ಗೋಡೆಗೇ ಬೆನ್ನು ಕೊಟ್ಟು ಜಮಖಾನದ ಮೇಲೆ ಕೂತರು. ನಾನು ಒಳಗೆ ಕಡಲೆಕಾಳು ಉಸಲಿಗೆ ತೆಂಗಿನಕಾಯಿ ಉದುರಿಸುತ್ತಿದ್ದೆ.

"ಪೇಂಟ್ ಯಾರ ಹತ್ರ ಮಾಡಿಸಿದ್ರಿ? ನಮ್ ಮನೆ ಗೋಡೆ ಸೀಳಿ ಹೋಗಿದೆ. ಎಷ್ಟು ಬಳಿಸಿದ್ರೂ ಮತ್ತೆ ಕಾಣುತ್ತೆ" ಎಂದರು ಒಬ್ಬರು.

"ನಮ್ ಪೇಂಟರ್ ನಂಬರ್ ಕೊಡ್ತೀನಿ ತಗೊಳ್ಳಿ" ಎಂದರು ಅತ್ತೆ, ದನಿಯ ತುಂಬ ಹೆಮ್ಮೆ. "ಈ ಮೂಲೆ ಇತ್ತಲ್ಲ, ಮೇಲಿಂದ ಕೆಳಗಿನ ತನಕ ಬೆರಳು ಹೋಗ್ತಿತ್ತು. ಒಂದು ಡಬ್ಬ ವಾಲ್ ಪುಟ್ಟಿ ಮೆತ್ತಿ ತುಂಬ್ದ. ಉಜ್ಜಿ ಬಣ್ಣ ಹೊಡೆದ ಮೇಲೆ ನನಗೇ ಎಲ್ಲಿತ್ತು ಅಂತ ಗೊತ್ತಾಗ್ಲಿಲ್ಲ."

ನನ್ನ ಕೈಯಿಂದ ಸೌಟು ಜಾರಿತು.

ಹೇಗೆ ಹೇಳಲಿ ಆ ಗಳಿಗೆಯನ್ನು? ನಾನು ಸೊನ್ನೆ ಎಂದುಕೊಂಡದ್ದು ಸೊನ್ನೆಯಾಗಿರಲಿಲ್ಲ. ಗುಂಡಿ ತೋಡಿದಾಗಿನಿಂದಲೂ ಗೋಡೆ ಹೊರಟೇ ಇತ್ತು. ನಾನು ತವರಿನಲ್ಲಿದ್ದಾಗ ಬಾಯಿ ಬಿಟ್ಟಿತ್ತು, ಮಲಗಲಷ್ಟೇ ಬರುವ ಗಂಡನ ಕಣ್ಣಿಗೆ ಬಿದ್ದಿರಲಿಲ್ಲ. ಅತ್ತೆ ಹಬ್ಬಕ್ಕೆಂದು ಆ ಬಾಯಿಗೆ ಪುಟ್ಟಿ ತುರುಕಿಸಿ, ಮೇಲೆ ಹಳದಿ ಬಳಿಸಿದ್ದರು. ನಾನು ಇಷ್ಟು ದಿನ ಅಳೆದದ್ದು ಪುಟ್ಟಿಯ ಅಂಚಿನಿಂದ ಮುಂದಕ್ಕೆ. ಹಿಂದಿನದು ಪುಟ್ಟಿಯ ಹೊಟ್ಟೆಯಲ್ಲಿತ್ತು. ಅಷ್ಟು ಚೆನ್ನಾಗಿ ತಾಳೆಯಾದದ್ದು ಬಿರುಕು ಹುಟ್ಟಿದ ದಿನವಲ್ಲ, ಪೇಂಟರ್ ಏಣಿ ಇಳಿದ ದಿನ. ಇಳಿಜಾರು ಸರಿಯಿತ್ತು, ಬಿಂದು ತಪ್ಪಿತ್ತು.

ಆ ಮೂವರು ಇನ್ನೂ ಗೋಡೆಗೆ ಒರಗಿಯೇ ಕೂತಿದ್ದರು. ಅರಿಸಿನ ಕುಂಕುಮಕ್ಕೆ ಬಂದವರನ್ನು ಏಳಿ ಎಂದು ಎಬ್ಬಿಸುವುದು ಹೇಗೆ? ನಿಜ ಹೇಳಿದರೆ ಎದ್ದುಬಿದ್ದು ಓಡುವಾಗ ಗೊಂಬೆ ಮೆಟ್ಟಿಲು ತಾಕಿ ದೀಪ ಉರುಳೀತು. "ಎಲ್ರೂ ಹೊರಗಡೆ ವರಾಂಡಕ್ಕೆ ಬನ್ನಿ, ಫೋಟೋ ತೆಗೀತೀನಿ, ಬೆಳಕು ಹೋಗ್ತಿದೆ" ಎಂದೆ. ಫೋಟೋ ಎಂದರೆ ಬೇಡ ಎನ್ನುವವರು ಯಾರು? ಮೂವರೂ ಸೆರಗು ಸರಿಮಾಡಿಕೊಳ್ಳುತ್ತ ಎದ್ದು ಬಂದರು. ಅಲ್ಲೇ ನಿಲ್ಲಿಸಿ ಕುಂಕುಮ ಇಟ್ಟು, ತಾಂಬೂಲವನ್ನೂ ಉಸಲಿಯ ಪೊಟ್ಟಣವನ್ನೂ ಕೈಗೆ ತುರುಕಿದೆ. ಗೇಟು ದಾಟಿದ ಮೇಲೆ ಒಬ್ಬರು, "ಏನಮ್ಮಾ ಹಿಂಗೆ ಸಾಗಹಾಕ್ತಿದಾಳೆ" ಎಂದದ್ದು ಕೇಳಿಸಿತು. ಅಂದರೆ ಅನ್ನಲಿ ಎಂದುಕೊಂಡೆ.

ಒಳಗೆ ಬಂದು ಅತ್ತೆಯ ಮುಂದೆ ನಿಂತೆ. "ಅತ್ತೆ, ಪೇಂಟ್ ಮಾಡಿಸೋಕ್ ಮುಂಚೆ ಅದು ಎಷ್ಟು ಅಗಲ ಇತ್ತು?"

"ಅಯ್ಯೋ, ಈಗ್ಯಾಕೆ ಆ ಮಾತು? ದೀಪದ ಮುಂದೆ ಒಡಕು ಸೀಳು ಅಂತ ಬಾಯಲ್ಲಿ ಆಡ್ಬಾರ್ದು."

"ಎಂಜಿನಿಯರ್ ಕೇಳ್ದಾಗ ಯಾಕೆ ಹೇಳ್ಲಿಲ್ಲ ನೀವು?"

"ಘಟಸ್ಥಾಪನೆ ದಿನ ಕಣೇ ಅದು! ಅವತ್ತು ಅಂಥ ಮಾತು ಆಡ್ತಾರಾ ಯಾರಾದ್ರೂ?" ಎಂದರು. ನನ್ನ ಮುಖ ನೋಡಿ ಅವರ ದನಿ ಇಳಿಯಿತು. ನಿಧಾನವಾಗಿ ಬಲಗೈ ಎತ್ತಿ ಕಿರುಬೆರಳು ಚಾಚಿದರು. "ಇದು ಸಲೀಸಾಗಿ ಹೋಗ್ತಿತ್ತು."

ನಾನು ಸರಸ್ವತಿಯ ಮುಂದೆ ಕೂತು, ಹೂವು ಸರಿಸಿ, ಪುಸ್ತಕಗಳ ಕೆಳಗಿಂದ ಸ್ಕೇಲನ್ನು ಎಳೆದೆ. ಅತ್ತೆ ಹಾ ಎಂದು ಉಸಿರೆಳೆದುಕೊಂಡರು. ಕೈ ಹಿಡಿದು ತಡೆಯಲಿಲ್ಲ. ಕುಂಕುಮ ಮೆತ್ತಿದ ಸ್ಕೇಲನ್ನು ಅವರ ಕಿರುಬೆರಳಿಗೆ ಅಡ್ಡ ಇಟ್ಟೆ. ಮೊಣಕಾಲಿನ ಮೇಲೆ ಅವರ ಕೈ ಒತ್ತಿ ಹಿಡಿದು ನೋಡಿದೆ. ಹತ್ತು ಮಿಲಿಮೀಟರ್.

ಮೂರನೆಯ ದಿನದ ಐದು ಐದಲ್ಲ, ಹದಿನೈದು. y − 15 = 1 × (x − 3). y = x + 12. ಇದಕ್ಕೆ ಕಾಗದ ಬೇಕಿರಲಿಲ್ಲ. ಇಪ್ಪತ್ತಾಗುವುದು x ಎಂಟಾದಾಗ. ಎಂಟನೆಯ ದಿನ ಎಂದರೆ ಇವತ್ತು.

"ಏಳಿ ಅತ್ತೆ. ಇವತ್ತೇ ಬೀಳುತ್ತೆ. ಏಳಿ."

"ದೀಪ?"

"ಎತ್ಕೊಂಡು ಹೋಗೋಣ."

"ಕದಲಿಸೋ ಹಾಗಿಲ್ಲ ಅಂತ ಗೊತ್ತಿಲ್ವಾ ನಿನಗೆ?" ಎಂದರು. ಕೂಗಲಿಲ್ಲ, ಅಳಲಿಲ್ಲ. ದೀಪದ ಪಕ್ಕಕ್ಕೆ ಸರಿದು ಚಕ್ಕಳಮಕ್ಕಳ ಹಾಕಿ ಕೂತರು. "ನೀನು ಹೋಗು. ಅವನಿಗೂ ಬರ್ಬೇಡ ಅಂತ ಹೇಳು. ದಶಮಿ ತನಕ ನಾನು ಇದರ ಹತ್ರ ಇರ್ತೀನಿ. ಬಿದ್ರೆ ನನ್ ಮೇಲೆ ಬೀಳ್ಲಿ, ನನಗಿನ್ನೇನಾಗ್ಬೇಕು? ಇದಕ್ಕೆ ಏನಾದ್ರೂ ಆದ್ರೆ ಅವನು ಉಳಿಯಲ್ಲ ಕಣೇ."

ನಾನು ಅವರನ್ನು ಬೈಯಬಹುದಿತ್ತು. ಮೂಢನಂಬಿಕೆ ಎನ್ನಬಹುದಿತ್ತು. ಆದರೆ ಎಲ್ಲಿ ನಿಜವಾಗಿಬಿಟ್ಟರೆ ಎಂಬ ಹೆದರಿಕೆ ನನ್ನೊಳಗೂ ಇತ್ತು. ಅವರು ಹೇಳುತ್ತಿದ್ದುದು ನನ್ನ ಗಂಡನ ವಿಷಯ. ಮೇಲೆ ತೊಲೆ, ಕೆಳಗೆ ದೀಪ, ಎರಡರಲ್ಲಿ ಯಾವುದಕ್ಕೆ ಹೆಚ್ಚು ಹೆದರಿದೆನೋ ಇವತ್ತಿಗೂ ಹೇಳಲಾರೆ. ಹೊಸಿಲಿಗೆ ಓಡಿ ಬಂದು ಗಂಡನಿಗೆ ಫೋನ್ ಮಾಡಿದೆ. "ರೀ, ಲೆಕ್ಕ ತಪ್ಪಿದೆ. ಇವತ್ತೇ. ಅಮ್ಮ ಏಳ್ತಿಲ್ಲ." ಅವರು "ಬಂದೆ" ಎಂದಷ್ಟೇ ಹೇಳಿದರು. ಎಂಜಿನಿಯರಿಗೂ ಮಾಡಿದೆ. "ಮೊದ್ಲು ಆಚೆ ಬನ್ನಿ, ಆಮೇಲೆ ಮಾತು" ಎಂದು ಕಿರುಚಿದರು.

ಹೊಸಿಲಿನಲ್ಲಿ ನಿಂತಿದ್ದೆ, ಒಂದು ಕಾಲು ಒಳಗೆ, ಒಂದು ಹೊರಗೆ. ಒಳಗಿನ ಕಾಲನ್ನೂ ಹೊರಗೆ ಇಟ್ಟುಬಿಡೋಣ ಎನಿಸಿತ್ತು. ಆಗ ಮೇಲೆ ಕಿರ್ ಎಂದು ಮರ ನರಳಿತು. ಗಾರೆಯ ಪುಡಿ ಸಣ್ಣಗೆ ಉದುರಿ ಗೊಂಬೆಗಳ ತಲೆಯ ಮೇಲೆ, ಅತ್ತೆಯ ತಲೆಯ ಮೇಲೆ ಬಿತ್ತು. ಅತ್ತೆ ಎರಡೂ ಅಂಗೈಯನ್ನು ದೀಪದ ಮೇಲೆ ಛಾವಣಿಯಂತೆ ಹಿಡಿದರು. ನನಗೆ ಏನಾಯಿತೋ, ಒಳಗೆ ಹೋಗಿ ಅವರ ರಟ್ಟೆ ಹಿಡಿದು ಎಳೆದೆ. ಕದಲಲಿಲ್ಲ. ಮತ್ತೆ ಎಳೆಯಲು ಹೋದರೆ ನನ್ನ ಕಾಲಲ್ಲೇ ಬಲವಿಲ್ಲ. ಅವರ ಪಕ್ಕದಲ್ಲೇ ಕುಸಿದು ಕೂತೆ. ನೋಡಿದವರು ಧೈರ್ಯ ಎಂದುಕೊಂಡಾರು. ಅದು ಧೈರ್ಯವಲ್ಲ, ಏಳಲು ಆಗಲಿಲ್ಲ ಅಷ್ಟೇ.

"ನೀನ್ಯಾಕೆ ಕೂತೆ? ಏಳು!" ಎಂದು ಅತ್ತೆ ನನ್ನನ್ನು ತಳ್ಳಿದರು.

"ನಿಮ್ ಮಗ ಬರ್ತಿದಾರೆ" ಎಂದೆ.

"ಬರ್ಬೇಡ ಅಂತ ಹೇಳು ಅಂದ್ನಲ್ಲೇ!"

"ಬರ್ತಿದಾರೆ ಅತ್ತೆ. ನೀವು ಇಲ್ಲಿದ್ರೆ ಅವ್ರು ಹೊರಗೆ ನಿಲ್ತಾರಾ?"

ಅತ್ತೆ ಬಾಗಿಲ ಕಡೆ ಒಮ್ಮೆ, ತೊಲೆಯ ಕಡೆ ಒಮ್ಮೆ, ದೀಪದ ಕಡೆ ಒಮ್ಮೆ ನೋಡಿದರು. ಅವರ ಮುಖದಲ್ಲಿ ಅಂಥ ಭಯವನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಮಾರ್ಕೆಟ್ಟಿನಿಂದ ನಮ್ಮ ಮನೆ ಏನು ದೂರ? ಬೀದಿಯ ತಿರುವಿನಲ್ಲಿ ಸ್ಕೂಟರಿನ ಸದ್ದು ಕೇಳಿತು. ಗೇಟಿನ ಚಿಲಕ ಬಡಿಯಿತು. ಮೆಟ್ಟಿಲ ಬಳಿ ಚಪ್ಪಲಿ ಬಿಡುವ ಸದ್ದು, ಎಷ್ಟೇ ಅವಸರವಿದ್ದರೂ ದೀಪವಿರುವ ಮನೆಗೆ ಚಪ್ಪಲಿ ಮೆಟ್ಟಿ ಬರುವವರಲ್ಲ. "ಅಮ್ಮಾ" ಎಂದು ಕೂಗುತ್ತ ವರಾಂಡ ಹತ್ತಿದರು.

ಅತ್ತೆ ಕೈ ಚಾಚಿದರು. ದೀಪ ಆರಿಸುವುದು ಎಂದು ನಮ್ಮಲ್ಲಿ ಬಾಯಲ್ಲಿ ಆಡುವಂತಿಲ್ಲ, ದೊಡ್ಡದು ಮಾಡುವುದು ಎನ್ನಬೇಕು. ಹಾಗೆ ದೊಡ್ಡದು ಮಾಡುವಾಗ ಹೂವಿನಿಂದ ಮುಟ್ಟಿ, ಹಾಲಿನ ಹನಿ ಬಿಟ್ಟು, ಕೈಮುಗಿದು ಮಾಡುವ ಕ್ರಮವಿದೆ. ಅವರು ಅದಾವುದನ್ನೂ ಮಾಡಲಿಲ್ಲ. ಉರಿಯುತ್ತಿದ್ದ ಬತ್ತಿಯನ್ನು ಎರಡು ಬೆರಳಲ್ಲಿ ಹಿಸುಕಿಬಿಟ್ಟರು. ಚುಂಯ್ ಎಂದಿತು. ಹೊಗೆ ಎದ್ದಿತು.

"ಒಳಗೆ ಬರ್ಬೇಡ ಕಣೋ! ಅಲ್ಲೇ ನಿಲ್ಲು! ದೀಪ ಆರಿಸ್ದೆ, ನಾನೇ ಬರ್ತಿದೀನಿ, ನೀನು ಬರ್ಬೇಡ!"

ಆ ಮನೆಯಲ್ಲಿ ಯಾರೂ ಆಡಬಾರದ ಮಾತನ್ನು ಹಾಗೆ ಕೂಗಿ ಹೇಳಿ, ಅವರು ನನ್ನ ಮುಂಗೈ ಹಿಡಿದು ಎಬ್ಬಿಸಿ, ನನ್ನನ್ನೇ ದರದರನೆ ಎಳೆದುಕೊಂಡು ಹೊರಗೆ ಬಂದರು. ಹಿಂತಿರುಗಿ ನೋಡಲಿಲ್ಲ. ಬೀದಿಯಲ್ಲಿ ನಿಂತು ಮಗನ ತೋಳನ್ನು ಹಿಡಿದವರು, ಎಂಜಿನಿಯರು ಬಂದು ನೋಡಿ ಗೇಟಿಗೆ ಹಗ್ಗ ಕಟ್ಟಿಸುವವರೆಗೂ ಬಿಡಲಿಲ್ಲ.

ಮರುದಿನ ಆಯುಧಪೂಜೆ. ಬೆಳಿಗ್ಗೆ ಬೀದಿಯ ತುಂಬ ವಾಹನಗಳ ಮುಂದೆ ಬೂದುಗುಂಬಳ ಒಡೆಯುತ್ತಿದ್ದರಂತೆ. ಧಡಾರ್ ಎಂದಾಗ ಯಾರೋ ದೊಡ್ಡದೊಂದನ್ನು ಒಡೆದರು ಎಂದುಕೊಂಡರಂತೆ. ಧೂಳು ಎದ್ದ ಮೇಲೆ ನೋಡಿದರೆ ನಮ್ಮ ಬಲಗಡೆಯ ಗೋಡೆ ಗುಂಡಿಯಲ್ಲಿತ್ತು, ತಾರಸಿ ನಡುಮನೆಯಲ್ಲಿತ್ತು. ಗೊಂಬೆ ಒಂದೂ ಉಳಿಯಲಿಲ್ಲ. ನನ್ನ ರೇಖೆ ತೋರಿಸಿದ್ದು ಅಷ್ಟಮಿ, ಗೋಡೆ ಬಿದ್ದದ್ದು ನವಮಿ. ನಾನು ಮೊದಲು ನಂಬಿದ ಗೆರೆಯ ಮೇಲೆಯೇ ಹೋಗಿದ್ದರೆ ಆ ಹೊತ್ತಿಗೆ ಮೂವರೂ ಅಲ್ಲೇ ದೇವಿಗೆ ಆರತಿ ಎತ್ತುತ್ತಿರುತ್ತಿದ್ದೆವು.

ಗವಿಪುರಂನ ನಾದಿನಿಯ ಮನೆಯಲ್ಲಿ ಇರತೊಡಗಿದೆವು. ಅತ್ತೆ ಗೊಂಬೆಗಳ ಸುದ್ದಿ ಎತ್ತಲಿಲ್ಲ, ಮನೆಯ ಸುದ್ದಿಯನ್ನೂ ಎತ್ತಲಿಲ್ಲ. ಮಗ ಕೆಮ್ಮಿದರೆ ಎದ್ದು ಬಂದು ಹಣೆ ಮುಟ್ಟುತ್ತಿದ್ದರು. ಊಟಕ್ಕೆ ಕೂತರೆ ಅನ್ನ ಗಂಟಲಲ್ಲಿ ಇಳಿಯುವುದನ್ನೇ ನೋಡುತ್ತಿದ್ದರು. ಸುಟ್ಟ ಬೆರಳುಗಳಿಗೆ ಮುಲಾಮು ಹಚ್ಚಿಸಿಕೊಳ್ಳಲೂ ಒಪ್ಪಲಿಲ್ಲ. ಒಂದು ಮಧ್ಯಾಹ್ನ ನನ್ನನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡರು.

"ಗೋಡೆಗೆ ಹಾಕಿದ್ಯಲ್ಲ, ಆ ಲೆಕ್ಕ. ಅವನಿಗೂ ಒಂದು ಹಾಕು."

"ಮನುಷ್ಯರಿಗೆ ಹಾಗೆ ಹಾಕೋಕ್ ಬರಲ್ಲ ಅತ್ತೆ."

"ಬರುತ್ತೆ. ನೀನು ಹಾಕಿ ನೋಡಿದೀಯ. ಎಷ್ಟನೇ ದಿನ ಅಂತ ನಿನಗೆ ಗೊತ್ತು, ನನಗೆ ಹೇಳ್ತಿಲ್ಲ."

"ಇಲ್ಲ ಅತ್ತೆ. ಅವ್ರ ಮೇಲೆ ಆಣೆ..." ಎನ್ನುವಷ್ಟರಲ್ಲಿ ಅವರು ನನ್ನ ಬಾಯಿಯನ್ನು ಕೈಯಿಂದ ಮುಚ್ಚಿಬಿಟ್ಟರು. ಅವನ ಮೇಲೆ ಆಣೆ ಇಡಬೇಡ ಎಂದು ಬಿಕ್ಕಿದರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅವರ ಕೈಯನ್ನು ನನ್ನ ಮಡಿಲಲ್ಲಿ ಇಟ್ಟುಕೊಂಡು, ಏನೂ ಆಗುವುದಿಲ್ಲ, ನೀವು ಮಾಡಿದ್ದೇ ಸರಿ, ನೀವು ಎದ್ದು ಬರದಿದ್ದರೆ ಅವರೂ ಒಳಗೆ ಬರುತ್ತಿದ್ದರು ಎಂದು ಹೇಳಿದೆ. ಎಲ್ಲವೂ ನಿಜವೇ. ಆದರೂ ಹೇಳುವಾಗ ನನ್ನ ದನಿ ನಡುಗಿತು, ಅದು ಅವರಿಗೆ ಕೇಳಿಸಿತು. ಅವತ್ತು ನನ್ನ ಗಂಡ ಮಾರ್ಕೆಟ್ಟಿನಿಂದ ಮನೆಗೆ ಬರುವವರೆಗೆ ನಾವಿಬ್ಬರೂ ಅಲ್ಲಿಂದ ಏಳಲಿಲ್ಲ, ಬಾಗಿಲ ಕಡೆಗೇ ನೋಡುತ್ತ ಕೂತಿದ್ದೆವು.